ಮುಟ್ಟದ ಸಮನ್ಸು

ಹನ್ನೆರಡನೇ ತಾರೀಖು, ಮಂಗಳವಾರ, ಬೆಳಗ್ಗೆ 10.40. ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಠಾಣೆಗೆ ಬಂದು ಇನ್‌ಸ್ಪೆಕ್ಟರ್ ಮೇಜಿನ ಮೇಲೆ ಎರಡು ಕಾಗದ ಇಟ್ಟಳು. ಒಂದು, ಬಾಗಿಲಿಗೆ ಅಂಟಿಸಿದ್ದನ್ನು ಕಿತ್ತು ತಂದದ್ದು: ಅಡವಿಟ್ಟ ಅವಳ ಮನೆ ಗುರುವಾರ ಹನ್ನೊಂದಕ್ಕೆ ಹರಾಜು. ಇನ್ನೊಂದು ಕೋರ್ಟಿನ ನಕಲು: ಬ್ಯಾಂಕು ಹೂಡಿದ ದಾವೆಯ ಸಮನ್ಸು ಅವಳಿಗೆ ಮುಟ್ಟಿದೆಯೆಂದು, ಸಮನ್ಸು ತಲುಪಿಸುವ ಕೋರ್ಟಿನ ಅಮೀನ ಬರೆದ ವರದಿ. ಕೆಳಗೆ ಅವಳ ಸಹಿ.

"ಸಹಿ ನಿಮ್ಮದಲ್ವಾ?"

"ನಂದಲ್ಲ ಸಾರ್. ದಾವೆ ನಡೆದಿದ್ದೇ ನಿನ್ನೆ ಗೊತ್ತಾಗಿದ್ದು."

"ಕಂತು?"

"ಮೂರು ತಪ್ಪಿತ್ತು, ಆಮೇಲೆ ಕಟ್ದೆ. ರಸೀದಿ ಇದೆ. ಕೇಳಿದ್ರೆ ತೋರಿಸ್ತಿದ್ದೆ. ಯಾರೂ ಕೇಳಲೇ ಇಲ್ಲ."

ಸಮನ್ಸು ಮುಟ್ಟಿ ಮೂವತ್ತು ದಿನದಲ್ಲಿ ಲಿಖಿತ ಉತ್ತರ ಬರದಿದ್ದರೆ, ಇನ್ನೊಂದು ಕಡೆಯವರ ಮಾತಷ್ಟೇ ಕೇಳಿ ತೀರ್ಪು ಕೊಡಬಹುದು. ಇಲ್ಲಿ ಆದದ್ದೂ ಅದೇ. ಬಡವರು ಬಾಯಿ ಬಿಟ್ಟರೆ ಕಾನೂನಿಗೆ ಕಿವಿ ಮಂದ. ಬಾಯಿ ಮುಚ್ಚಿದರೆ ಮಾತ್ರ ತಕ್ಷಣ ಕೇಳಿಸುತ್ತದೆ.

11.15ಕ್ಕೆ ಎಫ್‌ಐಆರ್ ದಾಖಲಾಯಿತು.

"ಕೋರ್ಟಿನವರ ಮೇಲೇ ಕೇಸಾ?" ದಫೇದಾರ ಗೊಣಗಿದ. "ಬೆಕ್ಕಿಗೆ ಗಂಟೆ ಕಟ್ಟೋಕೆ ನಾವೇ ಸಿಕ್ವಾ ಸಾರ್?"

"ಮೊದಲು ಬೆಕ್ಕು ಎಲ್ಲಿದೆ ನೋಡಯ್ಯ."

ವರದಿಯ ಪ್ರಕಾರ ಸಮನ್ಸು ಮುಟ್ಟಿದ್ದು ಏಳು ತಿಂಗಳ ಹಿಂದೆ, ಒಂಬತ್ತನೇ ತಾರೀಖು, ಮನೆ ಬಾಗಿಲಲ್ಲಿ. ಕಣ್ಣಾಸ್ಪತ್ರೆಯ ದಾಖಲೆಯ ಪ್ರಕಾರ ಎಂಟರಿಂದ ಹನ್ನೊಂದರವರೆಗೆ ಆಕೆ ಅಲ್ಲಿ ಒಳರೋಗಿ, ಎರಡೂ ಕಣ್ಣಿಗೆ ಪಟ್ಟಿ. ಇನ್‌ಸ್ಪೆಕ್ಟರ್ ಆ ಹಾಳೆಯನ್ನು ಎರಡು ಸಲ ಓದಿದರು. ಬ್ಯಾಂಕಿನವರು ಅಮೀನನಿಗೆ ದುಡ್ಡು ತಿನ್ನಿಸಿರಬೇಕು ಅನ್ನಿಸಿತು.

ಬುಧವಾರ ಬೆಳಗ್ಗೆ 9.30, ಅಮೀನನ ಮನೆ. ಒಂದೇ ಕೋಣೆ, ಸುಣ್ಣ ಉದುರಿದ ಗೋಡೆ. ಲಂಚ ತಿಂದವನ ಮನೆಯಂತೆ ಕಾಣಲಿಲ್ಲ.

"ಸಹಿ ಯಾರದ್ದು ಅಮೀನರೇ?"

"ನಂದೇ ಸ್ವಾಮಿ."

"ಬ್ಯಾಂಕಿನವರು ಎಷ್ಟು ಕೊಟ್ರು?"

"ಒಂದು ಲೋಟ ಕಾಫಿನೂ ಕೊಟ್ಟಿಲ್ಲ."

"ಮತ್ಯಾಕೆ?"

ಅವನು ಮಂಚದ ಕೆಳಗಿನ ಟ್ರಂಕು ಎಳೆದ. ಒಳಗೆ ಹತ್ತೊಂಬತ್ತು ಸಮನ್ಸು, ಮಡಿಕೆ ಕೂಡ ಬಿಚ್ಚದವು. ಎಲ್ಲವೂ ಮನೆ ಅಡವಿಟ್ಟವರ ಹೆಸರಿಗೆ. "ಬಾಗಿಲು ತಟ್ಟೋಕೆ ಕೈ ಬರ್ತಿರಲಿಲ್ಲ. ಒಂದಷ್ಟು ದಿನ ನೆಮ್ಮದಿಯಾಗಿ ಉಂಡು ಮಲಗಲಿ ಅಂತ."

"ಇದು ಮುಟ್ಟಿದ್ದಿದ್ರೆ ವಕೀಲರ ಹತ್ರ ಓಡ್ತಿದ್ರಲ್ರೀ! ಲೆಕ್ಕ ಕೇಳ್ತಿದ್ರು, ರಾಜಿಗೆ ಕೂರ್ತಿದ್ರು. ನೀವು ಕೊಟ್ಟಿದ್ದು ನೆಮ್ಮದಿ ಅಲ್ಲ."

ಅಮೀನ ಟ್ರಂಕನ್ನು ಅವರ ಕಡೆಗೆ ತಳ್ಳಿದ.

ಇಬ್ಬರು ಪಂಚರ ಎದುರು ಪಂಚನಾಮೆ ಮುಗಿದಾಗ 11.05. ವಿಳಾಸ ಬರೆದುಕೊಳ್ಳುತ್ತಿದ್ದ ದಫೇದಾರನ ಪೆನ್ನು ಮಧ್ಯೆ ನಿಂತಿತು. "ಸಾರ್, ಇದರಲ್ಲಿ ಆರು ಮನೆ ಆಗಲೇ ಹರಾಜಾಗಿವೆ. ನಮ್ಮ ಬೀದಿಯವರೇ ಒಬ್ಬರು, ಎಲ್ಲಿಗೆ ಹೋದ್ರೋ ಗೊತ್ತಿಲ್ಲ."

ಪಂಚನಾಮೆಯ ನಕಲು ಹಿಡಿದು ಹೆಂಗಸಿನ ವಕೀಲರು ಮಧ್ಯಾಹ್ನವೇ ಅರ್ಜಿ ಹಾಕಿದರು: ಸಮನ್ಸು ಮುಟ್ಟಿಲ್ಲ, ತೀರ್ಪು ರದ್ದಾಗಲಿ, ಉತ್ತರಿಸಲು ಅವಕಾಶ ಸಿಗಲಿ. 4.10ಕ್ಕೆ ಹರಾಜಿಗೆ ತಡೆ ಸಿಕ್ಕಿತು. ಮನೆ ಉಳಿಯಿತೆಂದಲ್ಲ. ಆದರೆ ಇನ್ನು ಅವಳ ರಸೀದಿಗಳನ್ನು ಯಾರಾದರೂ ನೋಡಲೇಬೇಕು. ಹರಾಜಾದ ಆ ಆರು ಮನೆಯವರಿಗೆ ಸಾಕ್ಷಿಗೆ ಕರೆ ಕಳಿಸಲು ಈಗ ವಿಳಾಸಗಳೇ ಇರಲಿಲ್ಲ.

5.20ಕ್ಕೆ ಅಮೀನನ ಬಂಧನ. ಅವನ ಹೇಳಿಕೆಯನ್ನು ಇನ್‌ಸ್ಪೆಕ್ಟರ್ ತಾವೇ ಬರೆದುಕೊಂಡರು.

"ಕೆಲಸಕ್ಕೆ ಸೇರಿದ ವರ್ಷ ಒಬ್ಬ ಬಡಗಿಗೆ ಸಮನ್ಸು ಕೊಟ್ಟೆ. ಓದೋಕೆ ಬರ್ತಿರಲಿಲ್ಲ ಅವನಿಗೆ. 'ಮನೆ ಹೋಯ್ತೇನಣ್ಣ?' ಅಂದ. ನಾನು ಸಹಿ ಹಾಕಿಸ್ಕೊಂಡು ಬಂದ್ಬಿಟ್ಟೆ. ಮಾರನೇ ದಿನ ತೊಲೆಯಿಂದ ಅವನ ಹೆಣ ಇಳಿಸಿದ್ರು. ಮನೆ ಹೋಗಿಲ್ಲ, ಉತ್ತರ ಕೊಡೋಕೆ ಇನ್ನೂ ಮೂವತ್ತು ದಿನ ಇದೆ ಅಂತ ಹೇಳಬಹುದಿತ್ತು. ಗೊತ್ತಿತ್ತು ನನಗೆ. ಹೇಳೋದು ನನ್ನ ಕೆಲಸ ಅಲ್ಲ ಅಂದ್ಕೊಂಡೆ."