ಗೋಡೆಯಿಂದ ಕತ್ತರಿಸಿದ ಚಿತ್ರ

ಭಾನುವಾರ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಸೋಲದೇವನಹಳ್ಳಿ ಠಾಣೆಗೆ ದೂರು ತಂದವರು ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ಮಲ್ಕಾ. ಹಿಂದಿನ ಸಂಜೆ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಉಪನ್ಯಾಸವಿತ್ತು. ಅದು ಮುಗಿದು ಜನ ಚದುರಿದ ಮೇಲೆ, ಮಹಡಿಯ ಪ್ರದರ್ಶನಾಲಯಕ್ಕೆ ನುಗ್ಗಿದ ಯಾರೋ ಒಂದು ದೊಡ್ಡ ಛಾಯಾಚಿತ್ರವನ್ನು ಚೌಕಟ್ಟಿನಿಂದ ಕತ್ತರಿಸಿ ಒಯ್ದಿದ್ದರು. ಕಾವಲಿಗಿದ್ದ ಜಮೀರ್ ಮೆಟ್ಟಿಲ ಮೇಲಿಂದ ಬಿದ್ದು ತಲೆಗೆ ಪೆಟ್ಟಾಗಿ ಆಸ್ಪತ್ರೆ ಸೇರಿದ್ದ. ಇನ್ನೂ ಪ್ರಜ್ಞೆ ಬಂದಿರಲಿಲ್ಲ.

ಕಳ್ಳತನ ಮತ್ತು ಗಂಭೀರ ಗಾಯದ ಎಫ್‌ಐಆರ್ ದಾಖಲಿಸಿಕೊಂಡ ಇನ್ಸ್‌ಪೆಕ್ಟರ್ ನಿಶಾತ್, ಹೆಡ್ ಕಾನ್‌ಸ್ಟೇಬಲ್ ಯಶವಂತ್‌ನನ್ನು ಕರೆದುಕೊಂಡು ಸ್ಥಳಕ್ಕೆ ಹೊರಟಳು.

ಚೌಕಟ್ಟು ಗೋಡೆಯ ಮೇಲೆ ಹಾಗೇ ಇತ್ತು. ಒಳಗೆ ಬರೀ ಹಲಗೆ. ನಾಲ್ಕು ಅಂಚಿಗೂ ಹರಿತವಾದ ಕಟರ್ ಆಡಿದ ಗುರುತು. ಬೇರೆ ಯಾವ ಚಿತ್ರಕ್ಕೂ ಒಂದು ಗೀರು ಸಹ ಬಿದ್ದಿರಲಿಲ್ಲ. ಅದರ ಕೆಳಗಿನ ಚೀಟಿಯಲ್ಲಿ ‘ಬೆಳಗಿನ ರಸ್ತೆ’ ಎಂದಿತ್ತು.

ಮಲ್ಕಾ ಮೊಬೈಲಿನಲ್ಲಿ ಆ ಚಿತ್ರದ ಪ್ರತಿ ತೋರಿಸಿದರು. ಹೆಸರಘಟ್ಟ ರಸ್ತೆ, ಎಳೆ ಬಿಸಿಲು. ನೀರಿನ ಟ್ಯಾಂಕರ್ ಹಾಯ್ದು ಸತ್ತ ಕಾಲೇಜು ಹುಡುಗಿಯ ತಲೆಯನ್ನು ಮಡಿಲಲ್ಲಿಟ್ಟುಕೊಂಡು ತಾಯಿ ನಡುರಸ್ತೆಯಲ್ಲಿ ಕುಳಿತಿದ್ದಳು. ಕೂದಲು ಬಿಚ್ಚಿ ಹೋಗಿತ್ತು, ಸೆರಗು ಜಾರಿತ್ತು, ಬಾಯಿ ತೆರೆದೇ ಇತ್ತು. ನಿಶಾತ್ ಒಮ್ಮೆ ನೋಡಿ ಮೊಬೈಲನ್ನು ಹಿಂದಕ್ಕೆ ಕೊಟ್ಟಳು.

“ಹಾಕೋ ಮುಂಚೆ ಈ ತಾಯಿನ ಕೇಳಿದ್ರಾ?”

“ಪಬ್ಲಿಕ್ ರೋಡಲ್ಲಿ ತೆಗೆದಿದ್ದು ಮೇಡಂ. ಕಾನೂನು ಪ್ರಕಾರ ಕೇಳ್ಬೇಕಾಗಿಲ್ಲ ಅಂತ ಫೋಟೋಗ್ರಾಫರ್ ನರೇಂದ್ರ ಹೇಳಿದ್ರು.”

“ನಾನು ಕಾನೂನು ಕೇಳ್ಲಿಲ್ಲ.”

ಮಲ್ಕಾ ಮೊಬೈಲನ್ನು ಚೀಲಕ್ಕೆ ಹಾಕಿಕೊಂಡರು.

“ಯಾರಾದ್ರೂ ತಕರಾರು ಮಾಡಿದ್ರಾ?”

“ಹುಡುಗಿ ತಂದೆ ಬಂದಿದ್ರು. ಎರಡು ಸಲ. ಇದೊಂದು ತೆಗೆದುಬಿಡಿ ಅಂದ್ರು. ಹೆಸರು ಸಂಗಮೇಶ. ಬಾಗಲಗುಂಟೆಯಲ್ಲಿ ಮನೆ.” ಅವರ ದನಿ ತಗ್ಗಿತು. “ಶನಿವಾರ ನರೇಂದ್ರ ಅವರದ್ದೇ ಉಪನ್ಯಾಸ ಇದೆ, ಬನ್ನಿ, ನಿಮಗನ್ಸಿದ್ದು ಎಲ್ಲರ ಮುಂದೆ ಹೇಳಿ ಅಂದೆ. ಒಳ್ಳೇದಾಗುತ್ತೆ ಅಂತಲೇ ಹೇಳಿದ್ದು ಮೇಡಂ.”

ಉಪನ್ಯಾಸದ ವಿಡಿಯೋ ಇತ್ತು. ನರೇಂದ್ರ ಆ ಚಿತ್ರದ ಬಗ್ಗೆ ಬಹಳ ಹೊತ್ತು ಮಾತಾಡಿದ್ದ. “ಆವತ್ತಿನ ಬೆಳಕು ನನ್ನ ಅದೃಷ್ಟ” ಎಂದಾಗ ಸಭೆಯಲ್ಲಿ ಮೆಚ್ಚುಗೆಯ ಸದ್ದು ಎದ್ದಿತ್ತು. ಪ್ರಶ್ನೆಗಳ ಹೊತ್ತಿಗೆ ಕೊನೆಯ ಸಾಲಿನಲ್ಲಿ ನೀಲಿ ಅಂಗಿಯವನೊಬ್ಬ ಎದ್ದು ಕೈಯೆತ್ತಿದ. ಮೈಕು ಅವನ ಮುಂದಿನ ಸಾಲಿಗೇ ನಿಂತಿತು. ಯಾರೋ ವಿದ್ಯಾರ್ಥಿ ಯಾವ ಲೆನ್ಸ್ ಬಳಸಿದಿರಿ ಎಂದು ಕೇಳಿದ. ನೀಲಿ ಅಂಗಿಯವನು ಉತ್ತರ ಮುಗಿಯುವವರೆಗೂ ನಿಂತೇ ಇದ್ದು ಆಮೇಲೆ ಕುಳಿತುಬಿಟ್ಟ.

“ಇವ್ರೇ” ಎಂದರು ಮಲ್ಕಾ.

ಬಾಗಲಗುಂಟೆಗೆ ಹೋಗುವ ದಾರಿಯಲ್ಲೇ ಆಸ್ಪತ್ರೆ. ಜಮೀರ್‌ಗೆ ಎಚ್ಚರ ಬಂದಿದ್ದರೆ ಹೇಳಿಕೆ ಪಡೆಯೋಣವೆಂದು ನಿಶಾತ್ ಅಲ್ಲಿ ಇಳಿದಳು. ತೀವ್ರ ನಿಗಾ ಘಟಕದ ಬಾಗಿಲಲ್ಲಿ ಅವನ ಹೆಂಡತಿ ಶಹರ್ಬಾನು ತಸ್ಬಿಯ ಮಣಿ ಎಣಿಸುತ್ತ ಕುಳಿತಿದ್ದಳು.

“ಇವರನ್ನ ಇಲ್ಲಿಗೆ ಯಾರು ಕರ್ಕೊಂಡು ಬಂದ್ರಮ್ಮ?”

“ಒಬ್ರು ಅಣ್ಣ ಮೇಡಂ, ಆಟೋದಲ್ಲಿ. ನಾನು ಬರೋವಾಗ ಅವ್ರ ಅಂಗಿಯೆಲ್ಲ ರಕ್ತ. ಇವ್ರಿಗೆ ರಕ್ತ ಬೇಕು ಅಂದಾಗ ಅವ್ರೇ ಕೊಟ್ರು. ಮನೆಗೆ ಹೋಗಿ ಬಟ್ಟೆ ಬದಲಾಯ್ಸಿ ಮತ್ತೆ ಬಂದ್ರು, ಎದ್ದೇ ಹೋಗ್ಲಿಲ್ಲ. ನಮ್ಮೋರು ಯಾರೂ ಇಷ್ಟು ಮಾಡಲ್ಲ. ಈಗ ಔಷಧಿ ತರೋಕೆ ಹೋಗಿದಾರೆ.”

“ಹೆಸರು ಹೇಳಿದ್ರಾ?”

“ಸಂಗಮೇಶಣ್ಣ.”

ಬರೆದುಕೊಳ್ಳುತ್ತಿದ್ದ ಯಶವಂತ್ ತಲೆಯೆತ್ತಿ ನಿಶಾತ್‌ಳನ್ನು ನೋಡಿದ.

ಅಷ್ಟರಲ್ಲಿ ಔಷಧಿ ಚೀಲ ಹಿಡಿದು ಅವನೇ ಬಂದ. ಖಾಕಿ ಕಂಡು ಹೆಜ್ಜೆ ತಡೆದ, ಆದರೆ ಹಿಂದಕ್ಕೆ ತಿರುಗಲಿಲ್ಲ. ಚೀಲವನ್ನು ಶಹರ್ಬಾನು ಕೈಗೆ ಕೊಟ್ಟು ನಿಶಾತ್ ಎದುರು ಬಂದು ನಿಂತ.

“ಫೋಟೋ ಕತ್ತರಿಸಿದ್ದು ನೀವಾ?”

“ಹೌದ್ರಿ.”

“ಜಮೀರ್?”

“ಅವರು ಹಿಂದಿನಿಂದ ಹಿಡಕೊಂಡ್ರು. ನಾ ಕೊಸರಿಕೊಂಡೆ. ಬೀಳಿಸ್ಬೇಕಂತ ಅಲ್ರಿ. ಮೆಟ್ಟಿಲ ಐತಿ ಅಂತ ಗೊತ್ತಾಗೋದ್ರಾಗ ಅವರು ಕೆಳಗಿದ್ರು.”

“ಠಾಣೆಗೆ ಯಾಕೆ ಬರ್ಲಿಲ್ಲ?”

“ಅವರು ಕಣ್ಣ ತೆರದ್ರ ಮೊದಲ ಅವರಿಗೆ ಹೇಳಿ ಬರೋಣಂತ ಕುಂತಿದ್ನಿರಿ.”

ಶಹರ್ಬಾನು ಎದ್ದು ನಿಂತಿದ್ದಳು. ಎಲ್ಲವೂ ಅವಳ ಕಿವಿಗೆ ಬಿದ್ದಿತ್ತು. ಔಷಧಿ ಚೀಲವನ್ನು ಬೆಂಚಿನ ಮೇಲಿಟ್ಟಳು, ಮತ್ತೆ ಎತ್ತಿಕೊಂಡಳು. ಸಂಗಮೇಶನ ಕಡೆ ನೋಡಲಿಲ್ಲ.

“ಏನಿತ್ತು ಮೇಡಂ ಆ ಫೋಟೋದಲ್ಲಿ?”

ನಿಶಾತ್ ಹೇಳಿದಳು. ಶಹರ್ಬಾನು ನಿಗಾ ಘಟಕದ ಬಾಗಿಲಿನತ್ತ ತಿರುಗಿದಳು.

“ಇವ್ರು ಮನೇಲಿ ಹೇಳೋರು” ಎಂದಳು. “ಒಂದು ಫೋಟೋ ಇದೆ, ಅದರ ಕಡೆ ಬೆನ್ನು ಹಾಕ್ಕೊಂಡೇ ಕೂತ್ಕೋತೀನಿ ಅಂತ.”

ಸಂಗಮೇಶನನ್ನು ದಸ್ತಗಿರಿ ಮಾಡಿ ಜೀಪು ಹತ್ತಿಸಿದರು. ದಾರಿಯಲ್ಲಿ ನಿಶಾತ್ ಕೇಳದೆಯೇ ಅವನು ಮಾತಾಡಿದ. ಬಾಗಲಕೋಟೆ ಕಡೆಯವನು, ಪೀಣ್ಯದ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ. ಒಬ್ಬಳೇ ಮಗಳು, ಶಿವಾನಿ.

“ನನ್ನ ಹೇಣ್ತಿ ಬಾಗಲಾ ತೆರೆಯೂ ಮುಂದ ಸೆರಗ ಸರಿ ಮಾಡ್ಕೊಂಡ ತೆರಿಯಾಕಿರಿ. ಹಂಥಾಕೀನ್ನ ಅಲ್ಲಿ ಗ್ವಾಡಿಗೆ ತೂಗ ಹಾಕಿದ್ರು. ಮಂದಿ ಚಹಾ ಕುಡಕೋತ ನಿಂತು ನೋಡತಿದ್ರು. ಆಕೀಗೆ ಇದೇನೂ ಗೊತ್ತಿಲ್ರಿ.”

“ಫೋಟೋ ಎಲ್ಲಿದೆ?”

“ಮನ್ಯಾಗ, ಅಟ್ಟದ ಮ್ಯಾಲ. ಹರದ ಹಾಕ್ಬೇಕಂತ ಹೋದೆ. ಆಗಲಿಲ್ಲ. ಅದ್ರಾಗ ನನ್ನ ಮಗಳೂ ಅದಾಳಲ್ರಿ.”

ಬಾಗಲಗುಂಟೆಯ ತಿರುವಿನಲ್ಲಿ ಯಶವಂತ್‌ನ ಫೋನು ರಿಂಗಾಯಿತು. ಕೇಳಿಸಿಕೊಂಡು, “ಜಮೀರ್ ಹೋಗ್ಬಿಟ್ರಂತೆ ಮೇಡಂ” ಎಂದ. ಸಂಗಮೇಶ ಮೊಣಕಾಲಿನ ಮೇಲೆ ಹಣೆಯಿಟ್ಟ. ಮನೆಯ ಮುಂದೆ ಜೀಪು ನಿಂತರೂ ತಲೆ ಎತ್ತಲಿಲ್ಲ. ಅವನ ಬಳಿ ಯಶವಂತ್‌ನನ್ನು ಕೂರಿಸಿ, ಹಿಂದಿನಿಂದ ಬಂದಿದ್ದ ಮಹಿಳಾ ಕಾನ್‌ಸ್ಟೇಬಲ್ ಮತ್ತು ಇಬ್ಬರು ಪಂಚ ಸಾಕ್ಷಿಗಳೊಂದಿಗೆ ನಿಶಾತ್ ಒಳಗೆ ಹೋದಳು.

ಸಂಗಮೇಶನ ಹೆಂಡತಿ ಈರವ್ವ ಸೆರಗು ಸರಿಮಾಡಿಕೊಂಡೇ ಬಾಗಿಲು ತೆರೆದಳು. ಗಂಡ ಏನು ಮಾಡಿದ, ಯಾಕೆ ಮಾಡಿದ ಎಂಬುದನ್ನು ನಿಶಾತ್ ಆದಷ್ಟು ಕಡಿಮೆ ಮಾತಿನಲ್ಲಿ ಹೇಳಿದಳು. ಅಟ್ಟದಿಂದ ಇಳಿಸಿದ ಸುರುಳಿಯನ್ನು ಪಂಚನಾಮೆಗಾಗಿ ಬಿಚ್ಚಲೇಬೇಕಿತ್ತು.

“ನೀವು ಒಳಗಿರಿ ಅಮ್ಮ.”

“ಇಲ್ರಿ. ನಾ ನೋಡ್ತೀನಿ.”

ನೆಲದ ಮೇಲೆ ಹಾಸಿದ ಚಿತ್ರದ ಮುಂದೆ ಈರವ್ವ ಕುಳಿತಳು. ಅಳುತ್ತಾಳೆಂದು ಎಲ್ಲರೂ ಕಾದರು. ಅವಳು ತನ್ನ ಮುಖ ನೋಡಲೇ ಇಲ್ಲ. ಮಗಳ ತಲೆ, ಅದರ ಕೆಳಗಿದ್ದ ಮಡಿಲು, ಹಣೆಯ ಮೇಲಿದ್ದ ಕೈ, ಇಷ್ಟನ್ನೇ ನೋಡಿದಳು.

“ಇದು ನನ್ನ ಕೈ ಹೌದಲ್ರಿ?”

“ಹೌದಮ್ಮ.”

“ಫೋನ್ ಬಂತು, ಓಡಿದೆ. ಅದಾದ ಮ್ಯಾಲಿಂದು ಏನೂ ನೆಪ್ಪಿಲ್ಲ ನನಗ. ದವಾಖಾನ್ಯಾಗ ಎಚ್ಚರಾತು. ನಾ ಹೋಗಿ ಮುಟ್ಟೂದ್ರಾಗ ಆಕೀನ್ನ ಎತ್ತಿಕೊಂಡು ಹೋಗಿದ್ರು, ರಸ್ತೆ ಮ್ಯಾಲ ಆಕಿ ಒಬ್ಬಾಕೀನ ಬಿದ್ದಿದ್ಳು ಅಂತ ತಿಳ್ಕೊಂಡಿದ್ನಿರಿ ಇಷ್ಟ ದಿನ.” ಚಿತ್ರದ ಮೇಲೆ ಅಂಗೈ ಇಟ್ಟಳು. “ಇದನ್ನ ನಮಗ ಕೊಡ್ತೀರೇನ್ರಿ?”

“ಈಗ ಆಗಲ್ಲಮ್ಮ. ಕೇಸ್ ಮುಗೀಬೇಕು.”

ಈರವ್ವ ಕೈ ತೆಗೆದಳು. ಚಿತ್ರವನ್ನು ಸುತ್ತಿ, ಬಟ್ಟೆಯಲ್ಲಿಟ್ಟು ಹೊಲಿದು, ಅರಗಿನ ಮುದ್ರೆ ಹಾಕಿದರು.

ನಿಶಾತ್ ಜೀಪು ಹತ್ತುವಾಗ ಸಂಗಮೇಶ ಕೇಳಿದ: “ಆಕಿ ನೋಡಿದ್ಳೇನ್ರಿ?”

“ನೋಡಿದ್ರು.”

ಅವನು ಕಣ್ಣು ಮುಚ್ಚಿಕೊಂಡ. ನಿಶಾತ್ ಮುಂದಿನ ಸೀಟಿನಲ್ಲಿ ಕುಳಿತು, ಹಿಂದಕ್ಕೆ ತಿರುಗದೆ, ಈರವ್ವ ಹೇಳಿದ್ದನ್ನು ಇದ್ದದ್ದು ಇದ್ದಂತೆ ಅವನಿಗೆ ಹೇಳಿದಳು. ಜೀಪು ಹೆಸರಘಟ್ಟ ರಸ್ತೆಗೆ ಬಂತು. ಹಿಂದಿನಿಂದ ಅವನ ಅಳು ಕೇಳಿಸಿತು.