ತೊಳೆಯಬಾರದ ಮಡಕೆ

"ಅಯ್ಯೋ, ನಿಲ್ಸಿ! ತೊಳೀಬೇಡಿ!"

ಅವಳ ಕೈಯಲ್ಲಿದ್ದ ಬ್ರಷ್ ಬಕೆಟ್ಟಿಗೆ ಬಿತ್ತು. ಬಿಳಿ ಕೋಟಿನ ಯುವಕನೊಬ್ಬ ಏದುಸಿರು ಬಿಡುತ್ತಾ ಎದುರಿಗೆ ನಿಂತಿದ್ದ. ಉತ್ಖನನ ಶಿಬಿರದ ಪ್ರಯೋಗಾಲಯದವನು. ಅವಳು ತರಬೇತಿಗೆ ಬಂದು ತಿಂಗಳಾಗಿದ್ದರೂ ಅವನ ಮುಖ ನೋಡಿದ್ದು ಈಗಲೇ.

"ಮಡಕೆ ಒಳಗಿದ್ದ ಕರಿ ಎಲ್ಲಿ?"

"ಉಜ್ಜಿ ತೆಗೆದೆ... ಫಳಫಳ ಅಂತಿದೆ ನೋಡಿ!"

ಅವನು ತಲೆ ಮೇಲೆ ಕೈ ಹೊತ್ತ.

"ಆ ಕರೀನೇ ರೀ ಬೇಕಾಗಿದ್ದು! ಆ ಕಾಲದವರು ಅದ್ರಲ್ಲಿ ಏನು ಬೇಯಿಸ್ತಿದ್ರು ಅಂತ ತಿಳಿಯೋದೇ ಅದ್ರಿಂದ. 'ತೊಳೆಯಬಾರದು' ಅಂತ ಕೆಂಪು ಚೀಟಿ ಕಟ್ಟಿದ್ನಲ್ಲ!"

ಅವಳು ಜೇಬು ಮುಟ್ಟಿ ನೋಡಿಕೊಂಡಳು. ಚೀಟಿ ನೆನೆಯಬಾರದೆಂದು ಜೋಪಾನವಾಗಿ ಬಿಚ್ಚಿ ಜೇಬಿಗಿಟ್ಟಿದ್ದಳು. ಓದಿರಲೇ ಇಲ್ಲ! ತೊಳೆಯುವ ಕೆಲಸ ಅವಳಿಗೆ ಸಿಕ್ಕಿದ್ದು ಇವತ್ತೇ ಮೊದಲು.

ಅವನು ಶಿಬಿರದ ಮುಖ್ಯಸ್ಥೆಯ ಕೋಣೆಯತ್ತ ಓಡಿದ.

'ಚಾಡಿ ಹೇಳೋಕೆ ಹೋದ! ನನ್ನ ಕಥೆ ಮುಗೀತು...'

ಮಾದರಿ ಹಾಳು ಮಾಡಿದವರನ್ನು ಮನೆಗೆ ಕಳಿಸುವುದು ಶಿಬಿರದ ನಿಯಮ. 'ಇಷ್ಟು ಓದಿ ಮಣ್ಣು ಹೊರೋಕೆ ಹೋಗ್ತೀಯಾ?' ಎಂದಿದ್ದ ಅಪ್ಪನನ್ನು ಒಪ್ಪಿಸಲು ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಈಗ ಯಾವ ಮುಖ ಹೊತ್ತು ವಾಪಸ್ ಹೋಗುವುದು?

ಹತ್ತು ನಿಮಿಷದಲ್ಲಿ ಅವಳಿಗೂ ಆ ಕೋಣೆಯಿಂದ ಕರೆ ಬಂತು. ಅವನು ತಲೆ ತಗ್ಗಿಸಿ ನಿಂತಿದ್ದ. ಮುಖ್ಯಸ್ಥೆಯ ಕೈಯಲ್ಲೊಂದು ಕಾಗದ.

"ಚೀಟಿ ಕಟ್ಟೋಕೆ ಮರೆತೆ, ತಪ್ಪು ನಂದೇ ಅಂತ ಬರೆದುಕೊಟ್ಟಿದಾನೆ. ಕೆಲಸಾನೂ ಬಿಡ್ತಾನಂತೆ. ನಿಜಾನಾ?"

ಚಾಡಿಯಲ್ಲ... ಅವಳ ತಪ್ಪನ್ನು ಅವನು ತನ್ನ ಮೈಮೇಲೆ ಎಳೆದುಕೊಂಡಿದ್ದ! ಹೂಂ ಅಂದರೆ ಸಾಕು, ಅವಳು ಉಳಿಯುತ್ತಾಳೆ. ಹೂಂ ಅನ್ನಿ ಎಂದು ಅವನು ತಲೆಯೆತ್ತಿ ಕಣ್ಣಲ್ಲೇ ಬೇಡುತ್ತಿದ್ದ.

"ಸುಳ್ಳು ಮೇಡಂ!" ಜೇಬಿನಿಂದ ಕೆಂಪು ಚೀಟಿ ತೆಗೆದು ಮೇಜಿನ ಮೇಲಿಟ್ಟಳು. "ಇವರು ಕಟ್ಟಿದ್ರು. ಓದದೆ ಬಿಚ್ಚಿದ್ದು ನಾನು. ನನ್ನನ್ನೇ ಕಳಿಸಿಬಿಡಿ."

ಮುಖ್ಯಸ್ಥೆ ಇಬ್ಬರನ್ನೂ ದಿಟ್ಟಿಸಿದರು.

"ಇಬ್ರೂ ಹೋದ್ರೆ ಕೆಲಸ ನಿಮ್ಮಜ್ಜಿ ಮಾಡ್ತಾಳಾ? ತಾನಾಗೇ ಒಪ್ಕೊಂಡವಳನ್ನ ನಾನು ಕಳಿಸಲ್ಲ. ಬಕೆಟ್ ನೀರು ಚೆಲ್ಲಬೇಡಿ, ಸೋಸಿದ್ರೆ ಕರಿ ಸಿಗತ್ತೆ. ಎಣ್ಣೆ ಜಿಡ್ಡು ಮಡಕೆ ಮಣ್ಣಿನ ಒಳಗೂ ಇಳಿದಿರತ್ತೆ. ಒಂದು ಚೂರು ಪುಡಿ ಮಾಡಿ ಪರೀಕ್ಷಿಸಿ. ನಡೀರಿ!"

ಹೊರಗೆ ಬಂದದ್ದೇ ತಡ, ಅವಳು ಅವನ ದಾರಿಗೆ ಅಡ್ಡ ನಿಂತಳು.

"ಯಾಕ್ರೀ ಸುಳ್ಳು ಹೇಳಿದ್ರಿ? ನನ್ನ ಪರಿಚಯಾನೂ ಇಲ್ಲ ನಿಮಗೆ!"

"ಇದೆ... ಇವತ್ತಿನ ತೊಳೆಯೋರ ಪಟ್ಟೀಲಿದ್ದ ಹೆಸರೇ ಅಗೆಯೋ ಗುಂಡಿಯಿಂದ ಬರೋ ಚೀಲಗಳ ಮೇಲೂ ಇರತ್ತೆ. ತಿಂಗಳಿಂದ ನಿಮ್ಮ ಅಕ್ಷರ ನೋಡ್ತಿದೀನಿ. ಎಷ್ಟು ಆಳ, ಯಾವ ಪದರ, ಎಲ್ಲಾ ಕರಾರುವಾಕ್ಕು. ಕೆಳಗೆ 'ಮೆಲ್ಲಗೆ ಎತ್ತಿ, ಪಾಪ, ಹಳೇದು' ಅಂತ ಬೇರೆ! ಆ ಅಕ್ಷರ ಬರದ ದಿನ ನನಗೆ ಕೆಲಸಾನೇ ಓಡಲ್ಲ."

ಅಕ್ಷರಕ್ಕೆ ಮನಸೋಲುವವರೂ ಇರುತ್ತಾರಾ?!

"ಅಕ್ಷರ ಸರಿ... ಮುಖ ನೋಡಿದ್ಮೇಲೆ?"

"ನೋಡಿದ ಕೂಡ್ಲೇ ಕೂಗಾಡಿಬಿಟ್ಟೆ. ಕೋಪಾನಾ?"

"ತುಂಬಾ!" ಕಣ್ಣೊರೆಸಿಕೊಂಡು ನಕ್ಕಳು. "ಇಳಿಯೋಕೆ ಜೀವನ ಪೂರ್ತಿ ಬೇಕು. ಜೊತೆಗಿರ್ತೀರಾ?"

"ಇರ್ತೀನಿ," ಅಂದ ಅವನು.