ನಿರ್ದೇಶಕರ ಖಾತೆಗೆ ಬಿದ್ದ ಲಗಾಮು

ಸೋಮವಾರ ಬೆಳಿಗ್ಗೆ ಹತ್ತಕ್ಕೆ ದೊಡ್ಡಾಸ್ಪತ್ರೆಯ ನಿರ್ದೇಶಕರು ಠಾಣೆಗೆ ಬಂದು, ತಮ್ಮನ್ನು ಯಾರೋ ಕಟ್ಟಿಹಾಕಿದ್ದಾರೆಂದು ದೂರು ಕೊಟ್ಟರು. ಕೈಕಾಲು ಸಡಿಲವಾಗಿಯೇ ಇದ್ದವು. ಕಟ್ಟಿದ್ದು ಆಸ್ಪತ್ರೆಯ ಡೇಟಾಬೇಸಿನಲ್ಲಿದ್ದ ಅವರ ಖಾತೆಯನ್ನು. ನಿನ್ನೆಯವರೆಗೆ ಗೂಳಿಯಂತೆ ತಿರುಗುತ್ತಿದ್ದ ಖಾತೆ ಈಗ ಗಂಟೆಗೆ ಅರವತ್ತು ಪ್ರಶ್ನೆ ಕೇಳಿದ ಮೇಲೆ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಏಕಕಾಲಕ್ಕೆ ಇಬ್ಬರಿಗಿಂತ ಹೆಚ್ಚು ಜನರನ್ನು ಒಳಗೆ ಬಿಡುತ್ತಿರಲಿಲ್ಲ.

"ಖಾತೆ ನಿಮ್ಮೊಬ್ಬರದು ತಾನೇ? ಇಬ್ಬರಿಗೆ ಜಾಗ ಸಾಲಲ್ವಾ?" ಎಂದರು ಇನ್‌ಸ್ಪೆಕ್ಟರ್.

ನಿರ್ದೇಶಕರು ಕುಡಿಯಲು ನೀರು ಕೇಳಿದರು. ಎಫ್‌ಐಆರ್ ದಾಖಲಾಯಿತು.

ಇನ್‌ಸ್ಪೆಕ್ಟರ್ ಹಿರಿಯ ಪೇದೆಯಮ್ಮನನ್ನು ಕರೆದುಕೊಂಡು ಆಸ್ಪತ್ರೆಯ ಮೇಲಿನ ಮಹಡಿ ಹತ್ತಿದರು. ವಿಚಾರಿಸಿದರೆ, ಮಹಡಿಗೆ ಮಹಡಿಯೇ ನಿರ್ದೇಶಕರ ಹೆಸರಲ್ಲಿ ಒಳಗೆ ಹೋಗುತ್ತಿತ್ತು. ತಮ್ಮ ಖಾತೆಗೆ ಮಿತಿ ಇದೆ, ಸಾಹೇಬರದಕ್ಕೆ ಇಲ್ಲ ಎಂದು ಗೊತ್ತಾದ ದಿನದಿಂದ ಗುಮಾಸ್ತರು, ಉಗ್ರಾಣದವನು, ಸಾಹೇಬರ ಬಾಮೈದ, ಎಲ್ಲರೂ ಸಾಹೇಬರೇ ಆಗಿದ್ದರು. ಸಾಲದ್ದಕ್ಕೆ ಅವರ ಕೋಣೆಯ ಗೋಡೆಯ ಮೇಲೊಂದು ಪರದೆ. ಎಷ್ಟು ಹಾಸಿಗೆ ತುಂಬಿವೆ ಎಂದು ಕ್ಷಣಕ್ಕೊಮ್ಮೆ ಕೇಳಿ ಬಣ್ಣದ ಚಿತ್ರ ಬಿಡಿಸುತ್ತಿತ್ತು. ಸಾಹೇಬರು ಗೊರಕೆ ಹೊಡೆಯುವಾಗಲೂ ಅದು ಕೇಳುವುದನ್ನು ಬಿಡುತ್ತಿರಲಿಲ್ಲವಂತೆ. ಈಗ ಕಪ್ಪಗೆ ನಿಂತಿತ್ತು.

ಕಳುವಾದ ಮಾಹಿತಿ ಒಂದಕ್ಷರವೂ ಇರಲಿಲ್ಲ. ಕೆಳಗೆ ತುರ್ತು ಚಿಕಿತ್ಸೆಯ ಕೌಂಟರಿನಲ್ಲಂತೂ ರೋಗಿಯ ವಿವರ ಈಗ ಕಣ್ಣು ಮಿಟುಕಿಸುವುದರೊಳಗೆ ಬರುತ್ತಿದೆ ಎಂದು ನರ್ಸು ಹೇಳಿದಳು.

ಪೇದೆಯಮ್ಮ ಮೂಗಿನ ಮೇಲೆ ಬೆರಳಿಟ್ಟರು. "ಇದ್ಯಾವ ಸೀಮೆ ಕಳ್ಳ ಸಾರ್? ಮನೆಗೆ ನುಗ್ಗಿ, ಏನೂ ಮುಟ್ಟದೆ, ಕಸ ಗುಡಿಸಿ ಹೋಗಿದ್ದಾನೆ."

ಗುಡಿಸಿದವರಿಗೆ ಪೊರಕೆ ಇರುವ ಜಾಗ ಗೊತ್ತಿರಬೇಕು. ಇನ್‌ಸ್ಪೆಕ್ಟರ್ ನೇರ ಸರ್ವರ್ ಕೋಣೆಗೆ ನಡೆದರು. ಡೇಟಾಬೇಸ್ ನೋಡಿಕೊಳ್ಳುವಾಕೆ ಊಟದ ಡಬ್ಬಿ, ಸ್ವೆಟರು ಬ್ಯಾಗಿಗೆ ತುಂಬಿಕೊಂಡು ತಯಾರಾಗಿ ಕೂತಿದ್ದಳು.

"ಯಾರು ಮಾಡಿದ್ದು?"

"ನಾನೇ."

"ಯಾರನ್ನ ಕೇಳಿ ಮಾಡಿದ್ರಿ?"

"ಸಾಹೇಬರನ್ನೇ ಕೇಳ್ದೆ, ಮೂರು ಸಲ. ಮೂರು ಸಲವೂ ನಕ್ಕರು."

"ಈಗ ತೆಗೀತೀರಾ?"

"ಬೇಡಿ ಹಾಕಿ ಸಾರ್, ಬರ್ತೀನಿ. ಕೆಲಸ ಹೋದ್ರೂ ಹೋಗ್ಲಿ. ಮಿತಿ ಮಾತ್ರ ತೆಗೆಯಲ್ಲ."

ಉಳಿದದ್ದನ್ನು ಹೇಳಿಕೆಯಲ್ಲಿ ಬರೆಸಿದಳು. ಹಿಂದಿನ ವಾರ ರಕ್ತ ಸುರಿಸಿಕೊಂಡು ಒಬ್ಬ ಲಾರಿ ಚಾಲಕ ಬಂದಿದ್ದ, ಆಸ್ಪತ್ರೆಯ ಹಳೆಯ ರೋಗಿ. ಡೇಟಾಬೇಸಿನ ಬಾಗಿಲ ತುಂಬ ಸಾಹೇಬರೇ ನಿಂತಿದ್ದರು. ಅವನ ರಕ್ತದ ಗುಂಪು ಕೇಳಲು ನರ್ಸಿಗೆ ಒಳಗೆ ಜಾಗವಿರಲಿಲ್ಲ. ಜಾಗ ಸಿಗುವ ಹೊತ್ತಿಗೆ ಚಾಲಕನಿಗೆ ರಕ್ತ ಬೇಕಿರಲಿಲ್ಲ.

ಪೇದೆಯಮ್ಮ ಅವಳ ಬ್ಯಾಗನ್ನು ತಾವೇ ಎತ್ತಿಕೊಂಡರು. "ನಡಿ ತಾಯಿ."

ಬಾಗಿಲಲ್ಲಿ ನಿರ್ದೇಶಕರು ಅಡ್ಡ ಬಂದು, ಬಂಧನ ಆಮೇಲಾಗಲಿ, ಮೊದಲು ಖಾತೆ ಬಿಚ್ಚಿಸಿ ಎಂದರು. ಇನ್‌ಸ್ಪೆಕ್ಟರ್ ಪಂಚನಾಮೆಗೆ ಕೊನೆಯ ಸಾಲು ಸೇರಿಸುತ್ತಿದ್ದರು.

"ಆಗಲ್ಲ ಸಾರ್. ಆ ಮಿತಿ ಈಗ ಸಾಕ್ಷ್ಯ. ಮುಟ್ಟಿದರೆ ನಿಮ್ಮ ಮೇಲೇ ಕೇಸು."

"ಎಲ್ಲೀವರೆಗೆ?"

"ವಿಚಾರಣೆ ಮುಗಿಯೋವರೆಗೆ." ಇನ್‌ಸ್ಪೆಕ್ಟರ್ ಪೆನ್ನಿನ ಕ್ಯಾಪು ಹಾಕಿದರು. "ಠಾಣೇಲಿ ಒಂದು ಸೈಕಲ್ ಇದೆ ಸಾರ್, ಅದೂ ಸಾಕ್ಷ್ಯ. ಅದನ್ನ ಕದ್ದೋನಿಗೆ ಈಗ ಮೊಮ್ಮಕ್ಕಳಾಗಿದ್ದಾರೆ."